ಅವನಿಗೆ ರಾಗ ಬಂತು

ಆ ರವಿವಾರ ಮಧ್ಯಾಹ್ನ ಪುಣೆಯ ವಿಮಾನ ನಗರದ ನಮ್ಮ ಮನೆಯ ಹಾಲ್‌ನಲ್ಲಿ ಯಾರು ಯಾರು ಎಲ್ಲೆಲ್ಲಿ ಕೂತಿದ್ದರು ಅನ್ನುವುದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಾಕಂದರೆ ಆಮೇಲೆ ಒಬ್ಬೊಬ್ಬರ ಮುಖವನ್ನೂ ನಾನು ನೋಡಬೇಕಾಯಿತು.

ದಿವಾನದ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ನಮ್ಮ ಕಾಕು. ನನ್ನ ತಂದೆಯ ತಮ್ಮನ ಹೆಂಡತಿ. ಅವಳಿಗೆ ಮಕ್ಕಳಿಲ್ಲ. ಕಾಕಾ ತೀರಿಕೊಂಡ ಮೇಲೆ ಯೆರವಡಾದ ಹಳೇ ಮನೆಯಲ್ಲಿ ನನ್ನ ಅಣ್ಣನ ಸಂಸಾರದ ಜೊತೆಗೇ ಇದ್ದಾಳೆ. ಅವಳನ್ನು ರಿಕ್ಷಾದಲ್ಲಿ ಕರೆತಂದಿದ್ದ ಅಣ್ಣ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಕಾಕುವಿಗೆ ಅಂಟಿಕೊಂಡು ಎದುರು ಫ್ಲ್ಯಾಟಿನ ಬೆಂಗಳೂರು ಹುಡುಗಿ. ಹುಡುಗಿ ಅಂದರೆ ಒಂದು ಕೂಸಿನ ತಾಯಿ, ಕಂಪ್ಯೂಟರಿನ ಆಫೀಸಿಗೆ ಹೋಗುವವಳು. ಚಾಪೆಯ ಮೇಲೆ ಸೊಸೈಟಿಯ ಇನ್ನಷ್ಟು ಹೆಂಗಸರು. ಒಳಗೆ ನನ್ನ ಗಂಡ ಚಹಾಕ್ಕೆ ಶುಂಠಿ ಜಜ್ಜುತ್ತಿದ್ದರು, ಆ ಸಪ್ಪಳ ಹೊರಗೆ ಕೇಳುತ್ತಿತ್ತು.

ನಮ್ಮದು ಒಂದು ಓದುವ ಗುಂಪು. ಪುಣೆಯಲ್ಲಿ ಇದ್ದು ಕನ್ನಡ ಪುಸ್ತಕ ಓದುವ ಚಟ ಬಿಡಲಾಗದ ನಾವು ನಾಲ್ಕಾರು ಮಂದಿ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಅವತ್ತು ಒಬ್ಬೊಬ್ಬರೂ ತಮ್ಮ ಮೆಚ್ಚಿನ ಲೇಖಕರ ಬಗ್ಗೆ ಹೇಳುವುದು ಅಂತ ಆಗಿತ್ತು. ನನ್ನ ಮೆಚ್ಚಿನ ಲೇಖಕರ ಬಗ್ಗೆ ನಾನು ಹೇಳಿದರೆ ಸಾಲದು, ನಮ್ಮ ಕಾಕುವೇ ಬಂದು ಓದಿ ತೋರಿಸಬೇಕು ಅಂತ ನಾನು ಪಟ್ಟು ಹಿಡಿದಿದ್ದೆ. ಅವಳು ಒಲ್ಲೆ ಅಂದಿದ್ದಳು. ಕಣ್ಣಿನ ನೆಪ ಹೇಳಿದಳು. ಕಣ್ಣಿನ ಆಪರೇಶನ್ ಆಗಿ ಈಗ ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ. ಗಂಟಲಿನ ನೆಪ ಹೇಳಿದಳು. ಆ ಗಂಟಲಿನಲ್ಲೇ ತರಕಾರಿಯವನನ್ನು ಓಣಿಯ ಆ ತುದಿಯಿಂದ ಕರೆಯುತ್ತಾಳೆ. ಕೊನೆಗೆ ಅಣ್ಣನಿಗೆ ಹೇಳಿ ಕರೆಸಿಕೊಂಡೆ. "ಗ್ವಾಡಿಗೆ ಕೂಡ್ತೀನಿ ನೋಡು, ನಡುವ ಕೂಡಂಗಿಲ್ಲ" ಅನ್ನುವ ಕರಾರಿನ ಮೇಲೆ ಬಂದಳು.

ಆ ಲೇಖಕರ ಹೆಸರು ನನಗೆ ಗೊತ್ತಿರಲಿಲ್ಲ. ನಗಬೇಡಿ. ಅದಕ್ಕೆ ಕಾರಣವಿದೆ.

ನಮ್ಮ ಅಜ್ಜ ಬಾಗಲಕೋಟೆ ಕಡೆಯಿಂದ ಒಬ್ಬ ಅರಿವೆ ವ್ಯಾಪಾರಿಯ ಗುಮಾಸ್ತನಾಗಿ ಪುಣೆಗೆ ಬಂದವನು. ಮನೆಯ ಹೊಸ್ತಿಲಿನಲ್ಲಿ ಅವನದೊಂದು ಕಾನೂನು ಇತ್ತು: ಹೊರಗೆ ಮರಾಠಿ, ಒಳಗೆ ಕನ್ನಡ. ನಾವು ಮಕ್ಕಳು ಮರಾಠಿ ಸಾಲಿಗೆ ಹೋಗುತ್ತಿದ್ದೆವು, ಓಣಿಯಲ್ಲಿ ಮರಾಠಿಯಲ್ಲೇ ಜಗಳ ಆಡುತ್ತಿದ್ದೆವು. ಚಪ್ಪಲಿ ಬಿಟ್ಟು ಒಳಗೆ ಬಂದ ಕೂಡಲೇ ನಾಲಿಗೆಯನ್ನೂ ಬದಲಿಸಬೇಕು. ಕನ್ನಡದ ಅಕ್ಷರ ಕಲಿಸಿದವಳು ನಮ್ಮವ್ವ. ಆದರೆ ಕನ್ನಡದ ರುಚಿ ಹತ್ತಿಸಿದವಳು ಕಾಕು. ಪ್ರತಿ ರವಿವಾರ ಊಟ ಆದ ಮೇಲೆ ಅವಳು ಗೋಡೆಗೆ ಆನಿಸಿ ಕೂತು ಕಾದಂಬರಿ ಓದುವಳು. ಅಜ್ಜನ ಕಣ್ಣು ಆಗಲೇ ಮಂಜು. ಅವನು ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೇಳುವನು. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳುವಳು. ನಾನು, ಅಣ್ಣ ನೆಲದ ಮೇಲೆ ಬೋರಲು ಮಲಗಿ ಕೇಳುವೆವು.

ಪುಸ್ತಕ ಮುಟ್ಟುವ ಹಾಗಿರಲಿಲ್ಲ. "ಎಣ್ಣಿ ಕೈ ಹಚ್ಚಬ್ಯಾಡ್ರಿ, ಮಂದಿ ಪುಸ್ತಕ" ಅನ್ನುವಳು. ವಾಚನಾಲಯದಿಂದ ಪುಸ್ತಕ ತರುವವನು ಕಾಕಾ. ತಂದ ದಿನವೇ ಹಳೇ ಕನ್ನಡ ಕ್ಯಾಲೆಂಡರಿನ ಹಾಳೆ ಹರಿದು ಚೆಂದಾಗಿ ಹೊದಿಕೆ ಹಾಕುವನು. ಸೋಮ, ಮಂಗಳ, ಬುಧ ಅಂತ ದೊಡ್ಡ ದೊಡ್ಡ ಕೆಂಪು ಅಕ್ಷರ ಹೊರಗೆ ಕಾಣುವ ಹಾಗೆ. ಯಾರು ಬರೆದದ್ದು ಅಂತ ಕೇಳಿದರೆ ಕಾಕು ಹೇಳುತ್ತಿರಲಿಲ್ಲ. "ದೊಡ್ಡವರ ಹೆಸರು ಹಂಗ ಬಾಯಾಗ ಹಿಡೀಬಾರದು. ಅವರು ಅನ್ರಿ" ಅನ್ನುವಳು. ಗಂಡನ ಹೆಸರನ್ನೂ ಹೇಳದ ಹೆಂಗಸು, ಲೇಖಕರ ಹೆಸರು ಹೇಳದಿದ್ದರೆ ನಮಗೇನು ಸಂಶಯ? "ಇವತ್ತ ಅವರದ ಓದ್ತೀನಿ" ಅಂತ ಅವಳು ಅಂದರೆ ಕಾಕಾ ಹಲ್ಲು ಕಿಸಿಯುವನು: "ಯಾವ ಅವರು? ನಾನೋ, ಪುಸ್ತಕದವರೋ?"

ಹೀಗೆ ನನ್ನ ಮೆಚ್ಚಿನ ಲೇಖಕರಿಗೆ ಅವರು ಅಂತಲೇ ಹೆಸರಾಯಿತು. ದೊಡ್ಡವಳಾದ ಮೇಲೆ ಧಾರವಾಡದ ಪುಸ್ತಕದ ಅಂಗಡಿಯಲ್ಲಿ ನಿಂತು ಕಥೆಯನ್ನೆಲ್ಲ ಹೇಳಿ, ಇದು ಯಾರದ್ರಿ ಅಂತ ಕೇಳಿದ್ದೇನೆ. ಅಂಗಡಿಯವರು ತಲೆ ಕೆರೆದುಕೊಂಡರು. ಇಷ್ಟು ದೊಡ್ಡ ಲೇಖಕರನ್ನು ಮರೆತುಬಿಟ್ಟಿದ್ದೀರಲ್ಲ ಅಂತ ಅವರ ಮೇಲೇ ರೇಗಿ ಬಂದಿದ್ದೆ.

ನನಗೆ, ಅಣ್ಣನಿಗೆ ಎಲ್ಲಕ್ಕಿಂತ ಸೇರುತ್ತಿದ್ದದ್ದು ಒಂದು ಕಾದಂಬರಿ. ಕಾಕಾ ಅದನ್ನು ರದ್ದಿ ಅಂಗಡಿಯಲ್ಲಿ ಕೊಂಡು ತಂದಿದ್ದರಿಂದ ಅದೊಂದು ಮನೆಯಲ್ಲೇ, ಕಾಕುವಿನ ಟ್ರಂಕಿನಲ್ಲಿ, ಉಳಿಯಿತು. ಬಟ್ಟೆ ಗಿರಣಿಯಲ್ಲಿ ದುಡಿಯುವ ಒಬ್ಬ ತರುಣ, ಹೊಲಿಗೆ ಹಾಕಿ ಅವನನ್ನು ಸಾಕಿದ ತಾಯಿ. ಅಕ್ಕನ ಗಂಡ ಮನೆ ಕಸಿದುಕೊಂಡು ತಾಯಿಯ ಹೊಲಿಗೆ ಮಷೀನನ್ನು ಬೀದಿಗೆ ಒಗೆಯುತ್ತಾನೆ. ಮಗ ಬಂದು ನೋಡುತ್ತಾನೆ. ಅಲ್ಲಿ ಕಾಕು ಸ್ವಲ್ಪ ತಡೆದು, ದನಿ ಇಳಿಸಿ ಓದುವಳು: "ಅವನಿಗೆ ರಾಗ ಬಂತು."

ಬೇರೆ ಯಾವ ಲೇಖಕರು ಹೀಗೆ ಬರೆದಾರು ಹೇಳಿ! ಮನೆ ಹೋಗಿದೆ, ತಾಯಿ ಬೀದಿಯಲ್ಲಿದ್ದಾಳೆ, ಆ ಹೊತ್ತಿನಲ್ಲಿ ನಾಯಕನ ಒಳಗೆ ಒಂದು ರಾಗ ಏಳುತ್ತದೆ. ಚೀರುವುದಿಲ್ಲ, ಹೊಡೆಯಲು ಹೋಗುವುದಿಲ್ಲ. ಅದು ಯಾವ ರಾಗ ಅಂತ ನನಗೂ ಅಣ್ಣನಿಗೂ ಜಗಳ ಆಗುತ್ತಿತ್ತು. ಅವನು ಗುಡಿಯ ಭಜನೆಯಲ್ಲಿ ಕೇಳಿದ ಯಾವುದೋ ಏರುದನಿಯದು ಅನ್ನುವನು, ನಾನು ಜೋಗುಳದ್ದು ಅನ್ನುವೆ. ಮನೆಯಲ್ಲಿ ಯಾರಿಗಾದರೂ ಸಿಟ್ಟು ಬಂದರೆ "ರಾಗ ಬಂತು ನೋಡು" ಅನ್ನುವುದು ನಮ್ಮ ಚೇಷ್ಟೆಯಾಗಿತ್ತು. ಅಷ್ಟರಲ್ಲಿ ಕಥೆಯ ತಾಯಿ ಬಿದ್ದ ಮಷೀನು ಎತ್ತಿ ನಿಲ್ಲಿಸಿ, ಸೆರಗಿನಿಂದ ಧೂಳು ಒರೆಸಿ ಅನ್ನುತ್ತಾಳೆ: "ಬೆಳಕು ಭಾಳ ಛಲೋ ಅದ ಇಲ್ಲೆ. ಇಲ್ಲೇ ಹೊಲೀತೀನಿ." ಅಣ್ಣನ ಕಂಪನಿ ಮುಚ್ಚಿ ಅವನು ಕೆಲಸ ಕಳೆದುಕೊಂಡು ಬಂದ ದಿನ, ಅತ್ತಿಗೆ ಅಳುತ್ತ ಕೂತಿದ್ದಾಗ, ಅವನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಇದೇ ಮಾತು ಅಂದಿದ್ದ. ಅವಳಿಗೂ ನಗು ಬಂದಿತ್ತು.

ಇಷ್ಟನ್ನೂ ನಾನು ಅವತ್ತು ಗುಂಪಿನ ಮುಂದೆ ಕೈ ಬೀಸಿ ಬೀಸಿ ಹೇಳಿದೆ. ಸಿಟ್ಟಿನ ತುದಿಯಲ್ಲಿ ಸಂಗೀತ ಇಡುವ ಲೇಖಕರು ಅಂತ ವರ್ಣಿಸಿದೆ. ಹೆಂಗಸರು ತಲೆದೂಗಿದರು. ಒಬ್ಬಾಕೆ, "ಎಷ್ಟ್ ಸೂಕ್ಷ್ಮ ಅಲ್ರೀ!" ಅಂದರು. ಕಾಕು ಮಾತ್ರ ಸೆರಗಿನ ಅಂಚು ಸುತ್ತುತ್ತ ಕೆಳಗೆ ನೋಡುತ್ತಿದ್ದಳು. ನಾಚಿಕೆ ಅಂತ ನಾನು ತಿಳಿದೆ.

ಆಮೇಲೆ ಚೀಲದಿಂದ ಪುಸ್ತಕ ತೆಗೆದಳು. ಕ್ಯಾಲೆಂಡರಿನ ಅದೇ ಹೊದಿಕೆ, ಕೆಂಪು ಅಕ್ಷರ ಮಾಸಿ ಗುಲಾಬಿಯಾಗಿತ್ತು. ಓದತೊಡಗಿದಳು. ಅದೇ ದನಿ. ನಾನು ಕಣ್ಣು ಮುಚ್ಚಿದೆ. ಗಿರಣಿಯಲ್ಲಿ ಕೂಗುವ ಭೋಂಗಾ, ಅಕ್ಕನ ಗಂಡ, ಬೀದಿಗೆ ಬಿದ್ದ ಮಷೀನು. ಕಾಕು ತಡೆದಳು. "ಅವನಿಗೆ ರಾಗ ಬಂತು."

"ಅಜ್ಜೀ," ಅಂತ ಪಕ್ಕದಿಂದ ದನಿ ಬಂತು. ಬೆಂಗಳೂರಿನ ಹುಡುಗಿ ಪುಟದ ಮೇಲೆ ಬಗ್ಗಿದ್ದಳು. "ಇದು ಹಿಂದಿ ಅಕ್ಷರ ಅಲ್ವಾ?"

ಯಾರಿಗೂ ಅರ್ಥವಾಗಲಿಲ್ಲ. ಅವಳು ಬೆರಳಿಟ್ಟು, ಸ್ಕೂಲಿನಲ್ಲಿ ಹಿಂದಿ ಓದಿದವರ ಹಾಗೆ ಅಕ್ಷರ ಅಕ್ಷರ ಬಿಡಿಸಿ, ಖುಷಿಯಿಂದಲೇ ಓದಿದಳು: "ತ್ಯಾ... ಲಾ... ರಾಗ್... ಆಲಾ. ಆಂಟಿ, ನೀವ್ ಹೇಳಿದ್ರಲ್ಲ, ಆ ರಾಗ ಇದೇನಾ? ಸೂಪರ್! ಅಜ್ಜಿ ಲೈವ್ ಆಗಿ ಟ್ರಾನ್ಸ್‌ಲೇಟ್ ಮಾಡ್ತಿದಾರೆ!"

ತ್ಯಾಲಾ ರಾಗ್ ಆಲಾ. ಅವನಿಗೆ ಸಿಟ್ಟು ಬಂತು. ಮರಾಠಿಯಲ್ಲಿ ರಾಗ ಅಂದರೆ ಸಿಟ್ಟು. ಪುಣೆಯ ಎರಡು ವರ್ಷದ ಕೂಸಿಗೂ ಗೊತ್ತು. ನನಗೂ ಗೊತ್ತು, ದಿನಕ್ಕೆ ಹತ್ತು ಸಲ ನಾನೇ ಅನ್ನುತ್ತೇನೆ, ತರಕಾರಿಯವನಿಗೆ, ಬಸ್ಸಿನ ಕಂಡಕ್ಟರನಿಗೆ. ಆದರೆ ಆ ಶಬ್ದವನ್ನು ನಾನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಒಳಗೆ ಬರುತ್ತಿದ್ದೆ. ಒಳಗಿನ ರಾಗ ಬೇರೆ, ಹೊರಗಿನ ರಾಗ ಬೇರೆ. ಒಂದು ದಿನವೂ ಎರಡಕ್ಕೂ ಭೇಟಿಯಾಗಿರಲಿಲ್ಲ. ಈಗ ನನ್ನ ಹಾಲ್‌ನಲ್ಲಿ, ಇಷ್ಟು ಮಂದಿಯ ಎದುರಿಗೆ, ಭೇಟಿಯಾದವು.

ಎದ್ದು ಹೋಗಿ ಪುಸ್ತಕ ನೋಡಿದೆ. ಸಾಲು ಸಾಲು ಮರಾಠಿ. ಮುಂದಿನ ಪುಟವೂ ಮರಾಠಿ. ಹಿಂದಿನ ಪುಟವೂ. ಹುಚ್ಚಿಯ ಹಾಗೆ ತಿರುವಿದೆ, ಎಲ್ಲಾದರೂ ಒಂದು ಕನ್ನಡ ಅಕ್ಷರ ಸಿಕ್ಕೀತು ಅಂತ. ಹೊದಿಕೆಯ ಮೇಲೆ ಮಾತ್ರ ಸೋಮ, ಮಂಗಳ, ಬುಧ.

ನಾನು ಕನ್ನಡದಲ್ಲಿ ಅಷ್ಟಿಷ್ಟು ಬರೆಯುವವಳು. ಪುಣೆಯಲ್ಲೇ ಬೆಳೆದವಳಿಗೆ ಇಂಥ ಕನ್ನಡ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ, ನಮ್ಮ ಕಾಕು ಓದುತ್ತಿದ್ದ ಕಾದಂಬರಿಗಳಿಂದ ಅಂತ ಹೇಳುತ್ತ ಬಂದಿದ್ದೆ. ಅವಳು ಕನ್ನಡದ ಒಂದು ಸಾಲೂ ಓದಿರಲಿಲ್ಲವೇ? ಹಾಗಾದರೆ ನನ್ನ ಬಾಯಲ್ಲಿರುವುದು ಯಾರದು?

"ಕಾಕು," ಅಂದೆ. "ಕನ್ನಡ ಕಾದಂಬರಿ ಅಂದಿದ್ದಿಯಲ್ಲ ನೀ?"

"ನಾ ಎಂದು ಕನ್ನಡ ಕಾದಂಬರಿ ಅಂದೀನಿ?" ಅಂದಳು ಅವಳು. "ಕಾದಂಬರಿ ಅಂದೀನಿ. ಮರಾಠಿಯವರೂ ಕಾದಂಬರಿ ಅಂತಾರ, ನಾವೂ ಕಾದಂಬರಿ ಅಂತೀವಿ."

ಹೌದಲ್ಲ! ಎರಡೂ ಭಾಷೆಯಲ್ಲಿ ಅದಕ್ಕೆ ಒಂದೇ ಹೆಸರು. ಒಬ್ಬಾಕೆಗೆ ನಗು ತಡೆಯಲಾಗಲಿಲ್ಲ. ಆ ನಗುವಿಗೇ ಅಣ್ಣ ಕುರ್ಚಿಯಿಂದ ಎದ್ದದ್ದು.

"ಅಜ್ಜನ ಮುಂದ ಕೂತು?" ಅಂದ. ಬಹಳ ಮೆಲ್ಲಗೆ ಅಂದ, ಅದೇ ನನಗೆ ಹೆದರಿಕೆಯಾಯಿತು. "ಕಣ್ಣು ಕಾಣದ ಮುದುಕನ ಮುಂದ ಕೂತು ಇಷ್ಟು ವರ್ಷ ನಾಟಕ ಮಾಡಿದೇನು ಕಾಕು? ಸಾಯೂತನಕ ಅಂದ ಅಂವಾ, ನಮ್ಮ ಮನಿಯೊಳಗ ಕನ್ನಡ ಉಳಿಸಿದಾಕಿ ನನ್ನ ಸಣ್ಣ ಸೊಸಿ ಅಂತ."

ಕಾಕು ಪುಸ್ತಕ ಮುಚ್ಚಿದಳು. ಯಾರನ್ನೂ ನೋಡದೆ, ನೆಲ ನೋಡುತ್ತ ಹೇಳಿದಳು. ಅವಳ ತವರು ಸೊಲ್ಲಾಪುರ. ಮನೆಯ ಮಾತು ಕನ್ನಡ, ಸಾಲಿಯೆಲ್ಲ ಮರಾಠಿ. ಹೆಣ್ಣು ನೋಡಲು ಹೋದ ಅಜ್ಜ ಕೇಳಿದ್ದು ಒಂದೇ ಮಾತಂತೆ: ಹುಡುಗಿ ಓದುತ್ತಾಳೇನು? "ನಮ್ಮಪ್ಪ ಓದ್ತಾಳ್ರಿ ಅಂದ. ಏನ್ ಓದ್ತಾಳ ಅಂತ ನಿಮ್ಮಜ್ಜ ಕೇಳಲಿಲ್ಲ." ಮದುವೆಯಾಗಿ ಬಂದ ಮೊದಲ ರವಿವಾರ ಅಜ್ಜ ಕೈಗೊಂದು ಕನ್ನಡ ಪುಸ್ತಕ ಕೊಟ್ಟ. ಒಂದಕ್ಷರ ಬರುವುದಿಲ್ಲ. ಇಲ್ಲ ಅನ್ನಲು ಬಾಯಿ ಏಳಲಿಲ್ಲ. ಸಾಲಿಯಲ್ಲಿ ಓದಿದ ಯಾವುದೋ ಮರಾಠಿ ಕಥೆಯನ್ನು ಕನ್ನಡದಲ್ಲಿ ಹೇಳುತ್ತ ಹೋದಳು. ಅಜ್ಜ ಭೇಷ್ ಅಂದ. ಅಂದು ರಾತ್ರಿ ಕಾಕಾ ಒಂದೇ ಮಾತು ಅಂದನಂತೆ: "ಅಲ್ಲಬೇ, ನಡುನಡುವ ಹಾಳಿನಾದ್ರೂ ತಿರುವು!" ಮುಂದಿನ ವಾರದಿಂದ ಅವನೇ ಮರಾಠಿ ವಾಚನಾಲಯಕ್ಕೆ ಹೋಗತೊಡಗಿದ. ಕ್ಯಾಲೆಂಡರಿನ ಉಪಾಯವೂ ಅವನದೇ.

"ಆಮ್ಯಾಲ ಹೇಳೂಣು, ಆಮ್ಯಾಲ ಹೇಳೂಣು ಅಂತ ಅಂದ್ಕೊಂಡೆ. ಮಾವನವರು ಹೋದ್ರು. ನೀವು ದೊಡ್ಡವರಾದ್ರಿ. ನಿಮ್ಮ ಕಣ್ಣಾಗ ಸಣ್ಣಾಕಿ ಆಗೂದು ಬ್ಯಾಡಾಗಿತ್ತು ನನಗ."

"ಈಗ ಆದಿ," ಅಂದ ಅಣ್ಣ.

ನನ್ನ ಗಂಡ ಚಹಾದ ಟ್ರೇ ಹಿಡಿದು ಬಾಗಿಲಲ್ಲಿ ನಿಂತೇ ಇದ್ದರು. ಯಾರೂ ಕಪ್ಪು ಎತ್ತಿಕೊಳ್ಳಲಿಲ್ಲ. ಬೆಂಗಳೂರು ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡು, "ಸಾರಿ ಆಂಟಿ, ನಾನ್ ಏನೋ ಚೆನ್ನಾಗಿದೆ ಅಂತ ಹೇಳಿದ್ದು" ಅಂದಳು. ಅಣ್ಣ ರಿಕ್ಷಾ ಕರೆಯಲು ಇಳಿದುಹೋಗಿದ್ದ. ಕಾಕುವಿನ ಕೈ ಹಿಡಿದು ಲಿಫ್ಟಿನವರೆಗೆ ಹೋದೆ. ಅವಳೇ ಕೇಳಿದಳು: "ಅಂವಾ ನನ್ನ ಮನ್ಯಾಗ ಇಟ್ಕೊಂತಾನಿಲ್ಲೋ?" ನಾನು ಬೆಚ್ಚಿಬಿದ್ದೆ. ಇಂಥದೊಂದು ಪ್ರಶ್ನೆ ಅವಳಿಗೆ ಏಳಬಹುದು ಅಂತಲೇ ನನಗೆ ಹೊಳೆದಿರಲಿಲ್ಲ. ನಾನು ನನ್ನ ಕನ್ನಡದ ಚಿಂತೆಯಲ್ಲಿದ್ದೆ. ಅವಳು ತನ್ನ ಚಾಪೆ, ದಿಂಬಿನ ಚಿಂತೆಯಲ್ಲಿದ್ದಳು.

ಆ ವಾರವೆಲ್ಲ ನಾನು ಆಫೀಸಿನಲ್ಲಿ ಕೂತಲ್ಲೇ ದಿಗಿಲುಬಿದ್ದವಳ ಹಾಗಿದ್ದೆ. ನನಗೆ ತಿಳಿದಿದ್ದ ಒಂದೊಂದು ಶಬ್ದವನ್ನೂ ಹೊರಗೆ ತೆಗೆದು ಉಗುರಿನಿಂದ ಕೆರೆದು ನೋಡುತ್ತಿದ್ದೆ, ಕೆಳಗೆ ಮರಾಠಿ ಇದೆಯೇನು ಅಂತ. ಶನಿವಾರ ಅತ್ತಿಗೆಯ ಫೋನು ಬಂತು. "ನಿಮ್ಮಣ್ಣ ಕಾಕೂನ ಜೋಡಿ ಮಾತ ಆಡಂಗಿಲ್ರಿ. ಆಕಿ ಊಟಾನೂ ಅಡಗಿಮನ್ಯಾಗ ಮೂಲಿಗೆ ಕೂತು ಮಾಡ್ಲಿಕ್ಕತ್ತಾಳ. ಇವತ್ತ ಆ ಪುಸ್ತಕ ರದ್ದಿಯೊಳಗ ಇಟ್ಟಾಳ್ರಿ. ನಾಳಿ ರದ್ದಿಯಂವಾ ಬರ್ತಾನ."

ಮರುದಿನ ಉಂಡವಳೇ ಯೆರವಡಾಕ್ಕೆ ಹೋದೆ. ಬಾಗಿಲಲ್ಲಿ ಪೇಪರಿನ ಗಂಟು ಇತ್ತು, ಸುತಳಿ ಬಿಚ್ಚಿತ್ತು. ಪುಸ್ತಕ ಅದರಲ್ಲಿರಲಿಲ್ಲ. ರದ್ದಿಯವನು ಅದನ್ನಷ್ಟೇ ಆರಿಸಿಕೊಂಡು ಹೋದನೇನೋ ಅಂದುಕೊಂಡೆ. ಒಳಗೆ ಹೋದರೆ ಅಜ್ಜನ ಆರಾಮ ಕುರ್ಚಿಯಲ್ಲಿ ಅಣ್ಣ ಕೂತಿದ್ದ. ಪುಸ್ತಕ ಅವನ ತೊಡೆಯ ಮೇಲೆ. ಕ್ಯಾಲೆಂಡರಿನ ಹೊದಿಕೆ ತೆಗೆದು ಪಕ್ಕಕ್ಕಿಟ್ಟಿದ್ದ. ಕಾಕು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಒಳಗೂ ಇಲ್ಲ ಹೊರಗೂ ಇಲ್ಲ.

"ಬಾ, ನೋಡಿಲ್ಲೆ," ಅಂದ ನನಗೆ. "ಬೆಳಗಿನಿಂದ ಓದ್ಲಿಕ್ಕತ್ತೀನಿ. ಪೂರಾ ಓದಿದೆ. ಬೆಳಕು ಭಾಳ ಛಲೋ ಅದ ಅಂತಾಳಲ್ಲ, ಅದು ಇಲ್ಲ."

"ಅಂದರ?"

"ಅಂದರ ಇಲ್ಲ. ಇಲ್ಲೆ ಆ ತಾಯಿ ಅಳ್ತಾಳ. ಬರೇ ಅಳ್ತಾಳ. ಮಷೀನು ಎತ್ತಂಗೂ ಇಲ್ಲ, ಏನೂ ಇಲ್ಲ. ಮುಂದಿನ ಹಾಳ್ಯಾಗ ಸತ್ತೂ ಹೋಗ್ತಾಳ."

ನಾನು ಪುಸ್ತಕ ಕಸಿದುಕೊಂಡು ಓದಿದೆ. ಖರೆ. ನಾಯಕನಿಗೆ ಸಿಟ್ಟು ಬರುತ್ತದೆ, ತಾಯಿ ಎರಡು ಪುಟ ಅಳುತ್ತಾಳೆ, ಸಾಯುತ್ತಾಳೆ. ಒಣ ಒಣ ಬರವಣಿಗೆ. ಹೋದ ವಾರ ಸಾಲದು ಅಂತ ಇದು ಇನ್ನೊಂದು ಹೊಡೆತ. ನಾನೂ ಅಣ್ಣನೂ ಒಟ್ಟಿಗೇ ತಲೆ ಎತ್ತಿ ಕಾಕುವನ್ನು ನೋಡಿದೆವು.

"ಹಂಗ್ಯಾಕ ನೋಡ್ತೀರಿ?" ಅಂದಳು. "ಬರೇ ಅತ್ತಳು, ಸತ್ತಳು ಅಂತ ಓದಿದ್ರ ನೀವು ಹುಡುಗ್ರು ಗೊಳೋ ಅಂತ ಅಳ್ತಿದ್ರಿ. ಅದಕ್ಕ ಒಂದು ಮಾತು ಹಚ್ಚಿದೆ. ಸಾಯೂದೂ ಬಿಟ್ಟೆ."

"ಇದೊಂದ ಏನು, ಎಲ್ಲಾದರಾಗೂ ಹಿಂಗ ಹಚ್ಚೀಯೋ?" ಅಂತ ಕೇಳಿದೆ.

"ಎಲ್ಲಿ ಸಪ್ಪಗ ಇತ್ತೋ ಅಲ್ಲೆ," ಅಂದಳು. ಸಾರಿಗೆ ಉಪ್ಪು ಹಾಕಿದೆ ಅನ್ನುವ ಹಾಗೆ.

ಅಣ್ಣ ಕುರ್ಚಿಯಿಂದ ಎದ್ದ. ಎದ್ದು ನೆಲದ ಮೇಲೆ, ಚಿಕ್ಕವನಿದ್ದಾಗ ಮಲಗುತ್ತಿದ್ದ ಜಾಗದಲ್ಲಿ, ಸೊಂಟ ಹಿಡಿದುಕೊಂಡು ಹೇಗೋ ಕೂತ. ಪುಸ್ತಕಕ್ಕೆ ಮತ್ತೆ ಕ್ಯಾಲೆಂಡರಿನ ಹೊದಿಕೆ ಹಾಕಿ, ಮೂಲೆ ಮಡಚಿ, ಗೋಡೆಯ ಕಡೆ ಸರಿಸಿದ.

"ಕೂಡು. ಓದು."

ಕಾಕು ಕೈ ಒರೆಸಿಕೊಂಡು ಬಂದು ಗೋಡೆಗೆ ಆನಿಸಿ ಕೂತಳು. ಕನ್ನಡಕ ಹಾಕಿಕೊಂಡಳು. ಅತ್ತಿಗೆಯೂ ಬಂದು ಬಾಗಿಲಿಗೆ ಒರಗಿ ನಿಂತಳು. ಗಿರಣಿಯ ಭೋಂಗಾ ಆಯಿತು, ಅಕ್ಕನ ಗಂಡ ಬಂದ, ಮಷೀನು ಬೀದಿಗೆ ಬಿತ್ತು. ಕಾಕು ತಡೆದಳು. ನಮ್ಮಿಬ್ಬರ ಮುಖ ನೋಡಿದಳು. ಆಮೇಲೆ ಎಚ್ಚರಿಕೆಯಿಂದ ಓದಿದಳು: "ಅವನಿಗೆ ಸಿಟ್ಟು ಬಂತು."

"ಸಿಟ್ಟಲ್ಲ," ಅಂದ ಅಣ್ಣ. "ಸರಿಯಾಗಿ ಓದು."

ಕಾಕು ಬೆರಳನ್ನು ಸಾಲಿನ ಮೊದಲಿಗೆ ತಂದು, ಮತ್ತೊಮ್ಮೆ ಓದಿದಳು. ಅವನಿಗೆ ರಾಗ ಬಂತು.